ಪೊಲಿಕಾರ್ಪೊಸ್ ಮೇಷ್ಟ್ರ ಕೈ ಉಕ್ಕಿದ್ದು

ಅಂಗಡಿ ಸೋಪು ಹಿಡಿದುಕೊಂಡು ಹೋಗುವವನು ನೊನೊಸ್ ಆಗಲು ನಾಲಾಯಕ್ಕು ಎಂದು ಪೊಲಿಕಾರ್ಪೊಸ್ ಮೇಷ್ಟ್ರು ಘೋಷಿಸಿದ್ದು ಜುಲೈ ತಿಂಗಳ ಒಂದು ಬೆಳಗ್ಗೆ, ಪಟ್ಟೆಪಟ್ಟೆ ಚಡ್ಡಿಯಲ್ಲಿ, ಅಂಗಳದ ನಟ್ಟನಡುವೆ ನಿಂತು. ಕೇಳಿಸಿಕೊಂಡವರು ಇಬ್ಬರು. ಒಬ್ಬರು ಅವರ ಹೆಂಡತಿ ಮಿರ್ಸಿನಿ, ಇನ್ನೊಂದು ಅಂಜೂರದ ಮರದಡಿ ಮಲಗಿದ್ದ ಬೆಕ್ಕು. ಬೆಕ್ಕು ಎದ್ದು ಹೋಯಿತು. ಮಿರ್ಸಿನಿಗೆ ಆ ಸೌಕರ್ಯ ಇರಲಿಲ್ಲ.

ನೊನೊಸ್ ಎಂದರೆ ಜ್ಞಾನಸ್ನಾನದ ದಿನ ಮಗುವನ್ನು ಎತ್ತಿಕೊಂಡು, ಅದರ ಮೈತುಂಬ ಬರಿಗೈಯಲ್ಲಿ ಎಣ್ಣೆ ಸವರಿ, ಎಲ್ಲರಿಗೂ ಕೇಳುವಂತೆ ಹೆಸರು ಹೇಳುವ ಧರ್ಮತಂದೆ. ಎಣ್ಣೆ, ಸೋಪು, ಬಿಳಿ ಟವೆಲು, ಮೇಣದಬತ್ತಿ ಎಲ್ಲ ಅವನೇ ತರಬೇಕು. ಲೆಸ್ವೊಸ್ ದ್ವೀಪದ ನಮ್ಮ ಊರಿನಲ್ಲಿ ಎರಡು ಮೇಕೆ, ಒಂದು ತೂತು ದೋಣಿ ಇರುವವನೂ ಕಡೇಪಕ್ಷ ಮೂರು ಮಕ್ಕಳಿಗೆ ನೊನೊಸ್ ಆಗಿರುತ್ತಾನೆ. ಮೇಷ್ಟ್ರಿಗೆ ಅರವತ್ತೇಳು ತುಂಬಿದರೂ ಒಂದೇ ಒಂದು ಮನೆಯವರು ಬಂದು ಕೇಳಿರಲಿಲ್ಲ. ಸ್ವಂತ ಮಕ್ಕಳೂ ಇಲ್ಲ. ಯಾರೂ ಯಾಕೆ ಕೇಳಲಿಲ್ಲ ಎಂಬುದು ಇಡೀ ಊರಿಗೆ ಗೊತ್ತಿತ್ತು, ಮೇಷ್ಟ್ರೊಬ್ಬರನ್ನು ಬಿಟ್ಟು.

ಕಾರಣ ಅವರ ನಾಲಿಗೆ. ಮೂವತ್ತೈದು ವರ್ಷ ಹೈಸ್ಕೂಲಿನಲ್ಲಿ ಹಳೆಯ ಗ್ರೀಕ್ ಕಲಿಸಿದವರು ಅವರು. ಯಾವ ಮಾತಾದರೂ ಸರಿ, ಅದರ ಬೇರನ್ನು ಕಿತ್ತು ಕೈಗೆ ಕೊಡುತ್ತಿದ್ದರು, ಬೇಕಾಗಲಿ ಬೇಡವಾಗಲಿ. ಅಷ್ಟಾಗಿದ್ದರೆ ಊರು ಸಹಿಸಿಕೊಳ್ಳುತ್ತಿತ್ತು. ಅವರು ಹುಡುಗರಿಗೆ ಅಡ್ಡಹೆಸರು ಬೇರೆ ಇಡುತ್ತಿದ್ದರು. ಇಟ್ಟ ಹೆಸರು ಅಂಟಿತೆಂದರೆ ಅಂಟಿತು, ಗೋರಿಯವರೆಗೂ ಬಿಡುವಂತಿಲ್ಲ. ಬೇಕರಿಯವನು 'ಹುಳಿಹಿಟ್ಟು' ಆದ. ಅಂಚೆಯವನು 'ಆಮೆಯಪ್ಪ' ಆದ. ಮೀನು ಹಿಡಿಯುವ ಸ್ತ್ರಾತಿಸ್, ಎಂಟನೇ ಕ್ಲಾಸಿನಲ್ಲಿ ಒಂದು ಕ್ರಿಯಾಪದ ಮರೆತ ತಪ್ಪಿಗೆ, 'ಸೋರೆಬುರುಡೆ' ಆದ. ಈಗ ಅವನಿಗೆ ಮೂವತ್ತೊಂಬತ್ತು. ಬಂದರಿನಲ್ಲಿ ಸ್ತ್ರಾತಿಸ್ ಎಲ್ಲಿ ಎಂದು ಕೇಳಿದರೆ ಯಾವ ಸ್ತ್ರಾತಿಸ್ ಎನ್ನುತ್ತಾರೆ; ಸೋರೆಬುರುಡೆ ಎಂದರೆ ದೋಣಿಯ ತನಕ ಕರೆದುಕೊಂಡು ಹೋಗಿ ಬಿಡುತ್ತಾರೆ. ತಮ್ಮ ಹೆಸರುಗಳ ಬಾಳಿಕೆಯ ಬಗ್ಗೆ ಮೇಷ್ಟ್ರಿಗೆ ತುಂಬ ಹೆಮ್ಮೆ.

ಆ ಸೋರೆಬುರುಡೆ ಸ್ತ್ರಾತಿಸನೇ ಜೂನ್ ಕೊನೆಯಲ್ಲಿ ಟೋಪಿ ಕೈಯಲ್ಲಿ ಹಿಡಿದು ಬಂದು, ತನ್ನ ಚೊಚ್ಚಲ ಮಗನಿಗೆ ನೊನೊಸ್ ಆಗಬೇಕೆಂದು ಕೇಳಿದ. ದೋಣಿಯ ಲೈಸೆನ್ಸಿನ ಪರೀಕ್ಷೆಗೆ ಮೇಷ್ಟ್ರು ಅವನನ್ನು ನಲವತ್ತು ಸಂಜೆ ಕೂರಿಸಿಕೊಂಡು ಓದಿಸಿದ್ದರು; ಬೈದುಕೊಂಡೇ ಓದಿಸಿದ್ದರು, ಆದರೂ ಅವನು ಪಾಸಾಗಿದ್ದ. ಅದನ್ನು ಅವನು ಮರೆತಿರಲಿಲ್ಲ. ಮೇಷ್ಟ್ರು ಗಂಟಲು ಸರಿಮಾಡಿಕೊಂಡು, ಯೋಚಿಸಿ ಹೇಳುತ್ತೇನೆ ಎಂದರು. ಅವನು ಗೇಟು ದಾಟುವ ಮೊದಲೇ, ಯೋಚಿಸಿದ್ದಾಯಿತು ಎಂದು ಕೂಗಿದರು. ಆ ರಾತ್ರಿ ಮಿರ್ಸಿನಿ ಪೆಟ್ಟಿಗೆಯ ತಳದಿಂದ ಒಂದು ಬಿಳಿ ಟವೆಲು ತೆಗೆದಳು. ಇಪ್ಪತ್ತೆಂಟು ವರ್ಷದ ಹಿಂದೆ ಅವಳೇ ಅಂಚಿಗೆ ಕಸೂತಿ ಹಾಕಿ, ಯಾರಾದರೂ ಕರೆದಾರು ಎಂದು ಮಡಿಸಿ ಇಟ್ಟದ್ದು. ಅದನ್ನು ನೋಡಿ ಮೇಷ್ಟ್ರು ಏನೂ ಹೇಳಲಿಲ್ಲ. ಅವರ ಜೀವನದಲ್ಲಿ ಅಂಥ ಸಂದರ್ಭಗಳು ಕಡಿಮೆ.

ಹೀಗೆ ಸೋಪು ಶುರುವಾಯಿತು. ಮೇಷ್ಟ್ರ ಅಜ್ಜ ಊರಿನ ಸೋಪಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರಂತೆ. ಆದ್ದರಿಂದ ಸೋಪು ಮಾಡುವುದು ತಮ್ಮ ರಕ್ತದಲ್ಲೇ ಇದೆ ಎಂದರು ಮೇಷ್ಟ್ರು. ಅಜ್ಜ ಅಲ್ಲಿ ಬಾಗಿಲು ಕಾಯುತ್ತಿದ್ದ ಎಂಬುದನ್ನು ಮಿರ್ಸಿನಿ ನೆನಪಿಸಿದಳು. ಅದನ್ನು ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ಮೂರು ಕಲ್ಲಿನ ಮೇಲೆ ಕೊಪ್ಪರಿಗೆ ಏರಿತು. ಕೆಳಗೆ ಆಲಿವ್ ಸೌದೆ. ಒಳಗೆ ಹೋದ ವರ್ಷದ ಎಣ್ಣೆಯ ಗಸಿ, ನೀರು, ಕಾಸ್ಟಿಕ್ ಸೋಡಾ. ಮಿರ್ಸಿನಿ ಪಾತ್ರೆ ತೊಳೆಯುವ ರಬ್ಬರ್ ಕೈಗವಸು ತಂದುಕೊಟ್ಟಳು.

"ನಮ್ಮ ಪೂರ್ವಿಕರು ಕೈಗವಸು ಹಾಕ್ಕೊಂಡು ಸೋಪು ಮಾಡಿದ್ರಾ?" ಎಂದರು ಮೇಷ್ಟ್ರು.

"ಪೂರ್ವಿಕರು ಒಬ್ರೂ ಉಳಿದಿಲ್ಲ, ಗಮನಿಸಿದೀಯಾ?" ಎಂದಳು ಮಿರ್ಸಿನಿ.

ಕೈಗವಸು ಅಂಜೂರದ ಕೊಂಬೆಗೆ ನೇತುಬಿತ್ತು. ಕೊಪ್ಪರಿಗೆ ಕುದಿಯತೊಡಗಿದಾಗ ಮೇಷ್ಟ್ರು ಬೆನ್ನು ತಿರುಗಿಸಿಕೊಂಡು, ಪಕ್ಕದ ಮನೆಯ ಗೋಡೆಯಾಚೆಗೂ ಕೇಳುವಂತೆ, ಸೋಪು ಎಂಬ ಮಾತಿನ ಮೂಲವನ್ನು ವಿವರಿಸುತ್ತಿದ್ದರು. ಬೆನ್ನ ಹಿಂದೆ ಕೊಪ್ಪರಿಗೆ ಉಕ್ಕಿತು. ಅದೇನು ಹಾಲು ಉಕ್ಕಿದಂತೆ ಉಕ್ಕಲಿಲ್ಲ. ಒಲೆ ಆರಿಸಿತು, ಜೆರೇನಿಯಂ ಕುಂಡಗಳನ್ನು ಸುತ್ತುವರಿದು ವಶಪಡಿಸಿಕೊಂಡಿತು, ಮಿರ್ಸಿನಿಯ ಒಂದು ಚಪ್ಪಲಿಯನ್ನು ಗಟಾರದವರೆಗೆ ಮೆರವಣಿಗೆ ಮಾಡಿಸಿತು, ಬೆಕ್ಕಿನ ಬಟ್ಟಲು ತುಂಬಿಸಿತು. ಒಂದು ತೊಟ್ಟೂ ಪೋಲಾಗಕೂಡದು ಎಂದು ಮೇಷ್ಟ್ರು, ಅದು ಆರಿದ ಮೇಲೆ, ಮಂಡಿಯೂರಿ ಕೂತು ಬರಿಗೈಯಲ್ಲಿ ಅಂಗಳವನ್ನೆಲ್ಲ ಬಳಿದು ಮತ್ತೆ ಕೊಪ್ಪರಿಗೆಗೆ ತುಂಬಿದರು. ಹಾಗೆ ಆದ ಸೋಪಿನಲ್ಲಿ ಎಣ್ಣೆಯ ಜೊತೆಗೆ ಮಣ್ಣು, ಒಣಗಿದ ಎಲೆ ಮತ್ತು ಎರಡು ಇರುವೆ ಇದ್ದವು. ಬಣ್ಣ ಸಿಮೆಂಟಿನದು. ಗುಣವೂ ಬಹುಮಟ್ಟಿಗೆ ಅದೇ.

ಮೂರನೇ ದಿನಕ್ಕೆ ಬೆರಳ ಸಂದಿ ಕೆಂಪಾಯಿತು. ಆರನೇ ದಿನಕ್ಕೆ ಸಣ್ಣ ಸಣ್ಣ ನೀರುಗುಳ್ಳೆ ಎದ್ದವು, ಒಡೆದವು, ಚರ್ಮ ಬಿರಿಯಿತು. ಮಿರ್ಸಿನಿ ನೋಡಿ, ಸೋಪಿನಿಂದಲೇ ಆದದ್ದು ಎಂದಳು. ಸೋಪಿನ ಮೇಲೆ ಬಂದ ಈ ಆರೋಪವನ್ನು ಸುಳ್ಳು ಮಾಡಲೇಬೇಕಲ್ಲ, ಮೇಷ್ಟ್ರು ಅದೇ ಸೋಪಿನಲ್ಲಿ ದಿನಕ್ಕೆ ಹತ್ತು ಸಲ ಕೈ ತೊಳೆಯತೊಡಗಿದರು. ಆಗಸ್ಟ್ ಮಧ್ಯಕ್ಕೆ ಅವರ ಎರಡೂ ಕೈ, ಮಳೆ ಕಾಣದ ಕೆರೆಯ ತಳದ ಹಾಗೆ ಬಾಯಿಬಿಟ್ಟವು. ಔಷಧಿ ಅಂಗಡಿಗೆ ಹೋಗು ಎಂದರೆ, ಅಲ್ಲಿರುವವಳು ನನ್ನ ಹಳೇ ವಿದ್ಯಾರ್ಥಿನಿ, ಅಲ್ಪಪ್ರಾಣ ಮಹಾಪ್ರಾಣ ತಿಳಿಯದವಳು, ಅವಳಿಂದ ನಾನು ಚರ್ಮದ ಪಾಠ ಹೇಳಿಸಿಕೊಳ್ಳಲೇ ಎಂದರು.

ಜ್ಞಾನಸ್ನಾನ ಸೆಪ್ಟೆಂಬರಿನ ಮೊದಲ ಭಾನುವಾರ ಎಂದು ಗೊತ್ತಾಗಿತ್ತು. ಅದಕ್ಕೆ ಎರಡು ವಾರ ಇರುವಾಗ ಸ್ತ್ರಾತಿಸನ ತಾಯಿ ಅಮೆರಿಸ್ಸಾ, ಒಂದು ತಟ್ಟೆ ಬಾದಾಮಿ ಸಿಹಿ ಹಿಡಿದುಕೊಂಡು, ಮೊಮ್ಮಗನನ್ನು ಎತ್ತಿಕೊಂಡು ಬಂದಳು. ಗಂಡ ಪ್ರೊಕೊಪಿಸ್ ಸಮುದ್ರದ ಪಾಲಾದ ಮೇಲೆ ಒಂಟಿಯಾಗಿ ಮಗನನ್ನು ಸಾಕಿದ ಹೆಂಗಸು. ಎದುರಿಗೆ ನಿಂತರೆ ಬಂದರಿನ ಪೊಲೀಸನೂ ಟೋಪಿ ಸರಿಮಾಡಿಕೊಳ್ಳುತ್ತಾನೆ. ಹೆಸರಿಡುವ ತನಕ ಗಂಡು ಕೂಸನ್ನು ನಮ್ಮಲ್ಲಿ ಡ್ರಾಗನ್ ಎಂದೇ ಕರೆಯುವುದು. ಈ ಡ್ರಾಗನ್ನಿಗೆ ಐದು ತಿಂಗಳು. ಆಗಸ್ಟಿನ ಧಗೆಯಲ್ಲಿ ಅದಕ್ಕೆ ಉದ್ದ ತೋಳಿನ ಅಂಗಿ, ಕಾಲುಚೀಲ, ಕೆನ್ನೆಗೆ ಬೆರಳು ದಪ್ಪ ಪೌಡರು. ಮಿರ್ಸಿನಿ ಎತ್ತಿಕೊಳ್ಳಲು ಕೈ ಚಾಚಿದರೆ ಅಮೆರಿಸ್ಸಾ ಕೂಸನ್ನು ಇನ್ನೊಂದು ಹೆಗಲಿಗೆ ಬದಲಿಸಿದಳು. ಮಗುವನ್ನು ಒಲೆಯೊಳಗಿನ ರೊಟ್ಟಿ ಅಂದುಕೊಂಡಿದ್ದಾಳೆ ಮುದುಕಿ ಎಂದು ಮೇಷ್ಟ್ರು ಮನಸ್ಸಿನಲ್ಲೇ ಹೀಯಾಳಿಸಿದರು.

ಸಿಹಿ ತೆಗೆದುಕೊಳ್ಳಲು ಅವರು ಕೈ ನೀಡಿದರು. ಅಮೆರಿಸ್ಸಾ ತಟ್ಟೆಯನ್ನು ಹಿಂದಕ್ಕೆಳೆದುಕೊಂಡಳು.

"ಇದೇನು ಮೇಷ್ಟ್ರೇ ಕೈಯಲ್ಲಿ?"

ಬೇರೆ ಯಾರಾದರೂ ಆಗಿದ್ದರೆ, ಸೋಪು ಮಾಡುವಾಗ ಕಾಸ್ಟಿಕ್ ತಾಗಿತು ಎಂದು ನಾಲ್ಕು ಮಾತಿನಲ್ಲಿ ಮುಗಿಸುತ್ತಿದ್ದರು. ಆದರೆ ಮೇಷ್ಟ್ರು ಪ್ರಶ್ನೆ ಕೇಳಿದವರನ್ನು ಅಷ್ಟು ಸುಲಭಕ್ಕೆ ಬಿಟ್ಟವರಲ್ಲ. ಎದ್ದು ನಿಂತರು. ಇಲ್ಲದ ಕರಿಹಲಗೆಯ ಕಡೆಗೆ ಅರ್ಧ ತಿರುಗಿದರು. ಕಿರಾ, ಅಂದರೆ ಅಮ್ಮಾವ್ರು, ಎಂದು ಮರ್ಯಾದೆಯಿಂದಲೇ ಶುರುಮಾಡಿದರು.

"ಇದರ ಹೆಸರು ಎಕ್ಝೆಮಾ, ಕಿರಾ ಅಮೆರಿಸ್ಸಾ. ಎಕ್ ಅಂದ್ರೆ ಹೊರಗೆ. ಝೆಓ ಅಂದ್ರೆ ಕುದೀತೀನಿ. ಒಳಗೆ ಕುದ್ದದ್ದು ಹೊರಗೆ ಉಕ್ಕಿ ಬರೋದೇ ಎಕ್ಝೆಮಾ. ನಮ್ಮ ಹಳೇ ವೈದ್ಯರು ಇಟ್ಟ ಹೆಸರು. ಇವತ್ತು ಲೋಕದ ಡಾಕ್ಟರೆಲ್ಲ ಇದೇ ಮಾತು ಹೇಳ್ಕೊಂಡು ಬದುಕ್ತಿದಾರೆ. ಎಂಥ ಮಾತು ನೋಡಿ. ಬಾಯಲ್ಲಿ ಹೇಳಿದ್ರೇನೇ ಗುಳುಗುಳು ಕುದಿಯೋದು ಕೇಳುತ್ತೆ."

ಹೇಳುವಾಗ ಅವರ ಮುಖದ ಮೇಲೆ ಮಿಠಾಯಿ ಚಪ್ಪರಿಸುವವರ ಕಳೆ ಇತ್ತು. ಅಮೆರಿಸ್ಸಾ ಅದನ್ನು ದಿಟ್ಟಿಸಿ ನೋಡಿದಳು.

"ನಿಮ್ಮೊಳಗೆ ಕುದೀತಿರೋದು ಏನು?"

ಅದು ಮಾತಿನ ಅರ್ಥ ಮಾತ್ರ, ರೋಗದ ಲೆಕ್ಕಾಚಾರ ಅಲ್ಲ ಎಂದು ಮೇಷ್ಟ್ರು ವಿವರಿಸಹೊರಟರು. ಉಕ್ಕಿದ್ದು ಪಕ್ಕದವರ ಮೇಲೆ ಬೀಳದೆ ಇರುತ್ತದೆಯೇ ಎಂದಳು ಅಮೆರಿಸ್ಸಾ. ಅಂಟುವುದಿಲ್ಲ ಎಂಬ ಒಂದೇ ಮಾತು ಹೇಳಿದ್ದರೆ ಸಾಕಿತ್ತು. ಮೇಷ್ಟ್ರು ಹೇಳಿದ್ದು, ಎಲ್ಲಕ್ಕೂ ಮುಲಾಮಿದೆ ಕಿರಾ ಅಮೆರಿಸ್ಸಾ, ಅಜ್ಞಾನಕ್ಕೆ ಮಾತ್ರ ಇಲ್ಲ ಎಂದು. ಮುದುಕಿ ಡ್ರಾಗನ್ನಿನ ಮೇಲೆ ಮೂರು ಸಲ ಫ್ತೂ ಫ್ತೂ ಫ್ತೂ ಎಂದು ಉಗಿದು ದೃಷ್ಟಿ ತೆಗೆದು, ಸಿಹಿಯ ತಟ್ಟೆಯ ಸಮೇತ ಹೊರಟುಹೋದಳು.

ಮರುದಿನ ಮಧ್ಯಾಹ್ನದೊಳಗೆ ಊರಿಗೆ ಸುದ್ದಿ ತಿಳಿದಿತ್ತು: ಮೇಷ್ಟ್ರು ಮೂವತ್ತೈದು ವರ್ಷ ಒಳಗೇ ಕೂಡಿಟ್ಟ ವಿಷವೆಲ್ಲ ಕೈಯಿಂದ ಉಕ್ಕುತ್ತಿದೆ. ಕಾಫಿ ಅಂಗಡಿಯವನು ಅವರ ಲೋಟವನ್ನು ಚಿಮಟದಲ್ಲಿ ಎತ್ತಿದ. ಸಂಜೆ ಸ್ತ್ರಾತಿಸ್ ಬಂದು, ಚಪ್ಪಲಿಯ ಕಡೆ ನೋಡುತ್ತ, ನೊನೊಸ್ ಆಗಲು ಪಟ್ಟಣದಲ್ಲಿರುವ ಸೋದರಮಾವನ ಮಗ ಕೂಡ ಒಪ್ಪಿದ್ದಾನೆ, ಮೇಷ್ಟ್ರಿಗೆ ಸುಮ್ಮನೆ ತೊಂದರೆ ಯಾಕೆ ಎಂದ. ಒಳ್ಳೆಯದೇ ಆಯಿತು, ನನಗೂ ಬಿಡುವಿಲ್ಲ ಎಂದರು ಮೇಷ್ಟ್ರು. ಆಮೇಲೆ ಒಳಗೆ ಬಂದು ಕುರ್ಚಿಯಲ್ಲಿ ಕೂತರು. ಮೇಜಿನ ಮೇಲೆ ಇಸ್ತ್ರಿ ಮಾಡಿಟ್ಟಿದ್ದ ಬಿಳಿ ಟವೆಲು ಇತ್ತು. ಅದರ ಪಕ್ಕದಲ್ಲಿ, ಮಗುವಿಗೆಂದು ಅವರೇ ಆರಿಸಿದ್ದ ಹೆಸರುಗಳ ಪಟ್ಟಿ. ಹದಿನೇಳು ಹೆಸರು, ಎಲ್ಲ ಪ್ರಾಚೀನ, ಎಲ್ಲಕ್ಕಿಂತ ಮೇಲೆ 'ಅನಕ್ಸಾಗೊರಾಸ್'. ಸತ್ತ ಅಜ್ಜನ ಪ್ರೊಕೊಪಿಸ್ ಎಂಬ ಹೆಸರನ್ನು ಅಮೆರಿಸ್ಸಾ ಬಯಸಿದ್ದಳು. ಅದು ಮೀನಿನ ಬುಟ್ಟಿಯ ಹೆಸರು ಎಂದು ಮೇಷ್ಟ್ರು ತಳ್ಳಿಹಾಕಿದ್ದರು. ಈ ಮಗುವೊಂದು ಕೈತಪ್ಪಿದರೆ ಅವರ ಬಾಯಿಂದ ಬಂದ ಒಂದು ಒಳ್ಳೆಯ ಹೆಸರನ್ನು ಹೊತ್ತು ಬಾಳುವವರು ಭೂಮಿಯ ಮೇಲೆ ಯಾರೂ ಇರುವುದಿಲ್ಲ.

ಮಿರ್ಸಿನಿ ಅವರನ್ನು ಮೊದಲ ಬಾರಿಗೆ ಬಹುವಚನದಲ್ಲಿ ಕರೆದಳು. "ಮೇಷ್ಟ್ರೇ, ಎದ್ದೇಳಿ. ಔಷಧಿ ಅಂಗಡಿಗೆ ಹೋಗಿ. ಅಂಟೋದಿಲ್ಲ ಅಂತ ಬರೆಸ್ಕೊಂಡು ಬನ್ನಿ." ನಲವತ್ತೊಂದು ವರ್ಷದ ಸಂಸಾರದಲ್ಲಿ ಅವಳು ನೀವು ಎಂದಿದ್ದು ಅದೊಂದೇ ಸಲ. ಮೇಷ್ಟ್ರು ಎದ್ದರು.

ಅಂಗಡಿಯವಳು ಕೈ ನೋಡಿದಳು, ಮುಲಾಮು ಕೊಟ್ಟಳು, ಇನ್ನು ಆ ಸೋಪು ಮುಟ್ಟಿದರೆ ಕೈಯನ್ನು ಕತ್ತರಿಸಿ ಕಪಾಟಿನಲ್ಲಿ ಇಡಬೇಕಾದೀತು ಎಂದಳು, ಚೀಟಿಯನ್ನೂ ಬರೆದುಕೊಟ್ಟಳು: 'ಮೇಷ್ಟ್ರ ಕೈಗೆ ಆಗಿರುವುದು ಎಕ್ಝೆಮಾ. ಇದು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ.' ಮೇಷ್ಟ್ರು ನೇರವಾಗಿ ಸ್ತ್ರಾತಿಸನ ಮನೆಗೆ ಹೋಗಿದ್ದರೆ ಈ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ದಾರಿಯಲ್ಲಿ ಒಂದು ಕಲ್ಲುಬೆಂಚು ಇತ್ತು, ಜೇಬಿನಲ್ಲಿ ಕೆಂಪು ಪೆನ್ನು ಇತ್ತು, ಚೀಟಿಯಲ್ಲಿ ಸ್ವರಚಿಹ್ನೆಗಳು ತಪ್ಪಾಗಿದ್ದವು. ಅವರು ತಿದ್ದಿದರು. ಒಂದು ಪದಕ್ಕೆ ಅಡ್ಡಗೆರೆ ಎಳೆದರು, ಅಂಚಿನಲ್ಲಿ 'ಅಸಡ್ಡೆ' ಎಂದು ಬರೆದರು, ಮೂವತ್ತೈದು ವರ್ಷದ ಅಭ್ಯಾಸ ಕೈ ಬಿಡಬೇಕಲ್ಲ, ಕೆಳಗೆ ಅಂಕವನ್ನೂ ಹಾಕಿ ಸುತ್ತು ಎಳೆದರು. ಇಪ್ಪತ್ತಕ್ಕೆ ಹನ್ನೊಂದು.

ಚೀಟಿಯನ್ನು ಅಮೆರಿಸ್ಸಾ ಕೈಯಳತೆ ದೂರ ಹಿಡಿದು ಓದಿದಳು. ಕೆಂಪು ಶಾಯಿ ಕಂಡ ಕೂಡಲೇ ಸ್ತ್ರಾತಿಸ್ ಬೆವರಿದ. ಆ ಬಣ್ಣ ಅವನಿಗೆ ಇವತ್ತಿಗೂ ಆಗುವುದಿಲ್ಲ.

"ಇಪ್ಪತ್ತಕ್ಕೆ ಹನ್ನೊಂದು ಪಾಲು ಅಂಟಲ್ಲ ಅಂತ ಬರೆದಿದಾರೆ. ಮಿಕ್ಕ ಒಂಬತ್ತು ಪಾಲು?" ಎಂದು ಕೇಳಿದಳು ಅಮೆರಿಸ್ಸಾ.

ಅದು ಚೀಟಿಯ ಅಂಕ, ಕೈಯದಲ್ಲ ಎಂದು ಮೇಷ್ಟ್ರು ಎಷ್ಟು ಹೇಳಿದರೂ ಪ್ರಯೋಜನವಾಗಲಿಲ್ಲ. ಅಂಚಿನಲ್ಲಿ 'ಅಸಡ್ಡೆ' ಎಂದಿದೆಯಲ್ಲ, ಅಸಡ್ಡೆ ಮಾಡಿದರೆ ಕೈ ಹೋಗುತ್ತದೆ ಎಂದೇ ಅದರ ಅರ್ಥ ಎಂದು ಪಕ್ಕದ ಮನೆಯವರೂ ಬಂದು ತೀರ್ಮಾನ ಕೊಟ್ಟರು. ಮೇಷ್ಟ್ರು ಮನೆಗೆ ಬಂದು ನಡೆದದ್ದನ್ನು ಹೇಳಿದಾಗ ಮಿರ್ಸಿನಿ ನಗಲೂ ಇಲ್ಲ, ಬೈಯಲೂ ಇಲ್ಲ. ಶಾಲು ಹೊದ್ದು ತಾನೇ ಅಮೆರಿಸ್ಸಾಳ ಮನೆಗೆ ನಡೆದಳು. ಒಂದೂವರೆ ಗಂಟೆ ಬಾಗಿಲು ಹಾಕಿಕೊಂಡು ಇಬ್ಬರೂ ಏನು ಮಾತಾಡಿದರೋ ಗೊತ್ತಿಲ್ಲ. ಬಂದವಳು ಒಪ್ಪಂದ ತಂದಿದ್ದಳು: ಮೇಷ್ಟ್ರೇ ನೊನೊಸ್. ಆದರೆ ಚರ್ಚಿನಲ್ಲಿ ಮೊದಲಿಂದ ಕೊನೆಯ ತನಕ ಕೈಗವಸು ಹಾಕಿರಬೇಕು, ಹೆಸರು ಹೇಳುವುದನ್ನು ಬಿಟ್ಟು ಬೇರೆ ಯಾವ ಮಾತೂ ಆಡಕೂಡದು.

ಹೀಗೆ, ಪೂರ್ವಿಕರ ಮರ್ಯಾದೆಗಾಗಿ ರಬ್ಬರ್ ಕೈಗವಸು ಬಿಸಾಕಿದ ಮಹಾನುಭಾವರು, ಶಾಲೆಯ ಹುಡುಗರು ಮೆರವಣಿಗೆಯಲ್ಲಿ ಬಾವುಟ ಹಿಡಿಯುವಾಗ ತೊಡುವ ಬಿಳಿ ಕೈಗವಸನ್ನು ಶಾಲೆಯ ಬೀರುವಿನಿಂದ ಎರವಲು ತಂದು, ಹದಿನಾಲ್ಕು ವರ್ಷದವರ ಅಳತೆಯದನ್ನು ಹೇಗೋ ತುರುಕಿಕೊಂಡು, ಸೆಪ್ಟೆಂಬರಿನ ಮೊದಲ ಭಾನುವಾರ ಚರ್ಚಿನ ತಾಮ್ರದ ಹಂಡೆಯ ಮುಂದೆ ನಿಂತರು. ಊರೇ ಬಂದಿತ್ತು. ಡ್ರಾಗನ್ನಿಗಿಂತ ಕೈಗವಸನ್ನು ನೋಡಲು ಬಂದವರೇ ಹೆಚ್ಚು.

ಊರಿನ ಪಾದ್ರಿ ಪಾಪಾ ಇಗ್ನಾತಿಯೊಸ್ ಎಣ್ಣೆಯನ್ನು ಆಶೀರ್ವದಿಸಿ, ಮೇಷ್ಟ್ರ ಕೈಗೆ ಸುರಿಯಲು ಬಾಟಲಿ ಬಗ್ಗಿಸಿದರು. ಬಗ್ಗಿಸಿದ್ದನ್ನು ಹಾಗೇ ನಿಲ್ಲಿಸಿದರು.

"ಕೈಗವಸು ತೆಗಿ ಮೇಷ್ಟ್ರೇ. ಎಣ್ಣೆ ಹಚ್ಚೋದು ಕೂಸಿಗೆ, ಬಟ್ಟೆಗಲ್ಲ."

ಮೇಷ್ಟ್ರು ಮಿರ್ಸಿನಿಯ ಕಡೆ ನೋಡಿದರು. ಮಿರ್ಸಿನಿ ಅಮೆರಿಸ್ಸಾಳ ಕಡೆ ನೋಡಿದಳು. ಪಾದ್ರಿಗಳ ಜೊತೆ ವಾದ ಮಾಡುವಂತಿಲ್ಲ. ಅದೂ ಈ ಪಾದ್ರಿ ಎಂಬತ್ತೆರಡು ವರ್ಷದವರು, ಚಿಕ್ಕಂದಿನಲ್ಲಿ ಮೇಷ್ಟ್ರ ಕಿವಿಯನ್ನೂ ಹಿಂಡಿದವರು. ಕೈಗವಸು ಒಂದೊಂದೇ ಬೆರಳಾಗಿ ಹೊರಬಂತು. ಮುಲಾಮಿನಿಂದ ಗುಳ್ಳೆಗಳು ಇಂಗಿದ್ದವು, ಆದರೂ ಚರ್ಮ ಕೆಂಪಗೆ, ಸಿಪ್ಪೆ ಸಿಪ್ಪೆಯಾಗಿತ್ತು. ಹಿಂದಿನ ಸಾಲಿನವರು ಕತ್ತು ಚಾಚಿದರು. ಆಗ ಅಮೆರಿಸ್ಸಾ, ಬೇರೆ ದಾರಿ ಕಾಣದೆ, ಕೂಸಿನ ಅಂಗಿ ಬಿಚ್ಚಿದಳು.

ಡ್ರಾಗನ್ನಿನ ಮೊಣಕೈ ಸಂದಿಯಲ್ಲಿ ಕೆಂಪು ಕಲೆ. ಮಂಡಿಯ ಹಿಂದೆ ಕೆಂಪು ಕಲೆ. ಬೆವರಿಗೆ ಪೌಡರು ಕರಗಿ ಕೆನ್ನೆಯ ಮೇಲೂ ಒರಟು ಒರಟು ಹಕ್ಕಳೆ. ಮೇಷ್ಟ್ರ ಕೈಯ ಮೇಲೆ ಇದ್ದದ್ದೇ, ಸಣ್ಣ ಅಕ್ಷರದಲ್ಲಿ.

"ನೋಡಿ, ಅಂಟಿಬಿಡ್ತು. ಇನ್ನೂ ಮುಟ್ಟಿಲ್ಲ, ಆಗಲೇ ಅಂಟಿಬಿಡ್ತು" ಎಂದಿತು ಹಿಂದಿನಿಂದ ಒಂದು ದನಿ.

ಎಂಥ ಗಳಿಗೆ ಅದು! ಎರಡು ವಾರ ಊರು ಅವರನ್ನು ಕುಷ್ಠರೋಗಿಯ ಹಾಗೆ ಕಂಡಿತ್ತು. ಈಗ ಮುದುಕಿಯ ಕಳ್ಳತನ ಅಂಗೈ ಮೇಲಿತ್ತು. ಕೂಸಿಗೆ ಇದು ಮೊದಲಿಂದ ಇದೆ, ಮುಚ್ಚಿಟ್ಟುಕೊಂಡು ನನ್ನ ಮೇಲೆ ಡಂಗುರ ಹೊಡೆದಳು ಎಂದು ಒಂದು ಮಾತು ಹೇಳಿದರೆ ಸಾಕು, ಮೇಷ್ಟ್ರು ಗೆದ್ದಂತೆ. ಅವರು ಬಗ್ಗಿ, ಹಲ್ಲು ಕಚ್ಚಿ, ಅಮೆರಿಸ್ಸಾಳಿಗೆ ಮಾತ್ರ ಕೇಳುವಂತೆ ಕೇಳಿದರು.

"ಇದು ಯಾವಾಗಿಂದ?"

"ಹುಟ್ಟಿ ಎರಡು ತಿಂಗಳಿಗೇ ಬಂತು."

"ಮತ್ತೆ ನನ್ನ ಕೈಗೆ ಹೆದರಿದ ಹಾಗೆ ನಾಟಕ ಆಡಿದ್ರಲ್ಲ?"

"ಕೈಗೆ ಯಾರು ಹೆದರಿದ್ರು ಮೇಷ್ಟ್ರೇ? ನಿಮ್ಮ ಬಾಯಿಗೆ ಹೆದರಿದೆ." ಮುದುಕಿ ಕೂಸನ್ನು ಎದೆಗೆ ಒತ್ತಿಕೊಂಡಳು. "ನನ್ನ ಮಗನಿಗೆ ಎಂಟನೇ ಕ್ಲಾಸಲ್ಲಿ ಒಂದು ಹೆಸರಿಟ್ರಿ. ಅವನಪ್ಪ ಇಟ್ಟ ಹೆಸರು ಅವತ್ತೇ ಸತ್ತುಹೋಯ್ತು. ಅವತ್ತು ನಿಮ್ಮ ಮನೇಲಿ ಆ ಮಾತನ್ನ ಚಪ್ಪರಿಸಿ ಚಪ್ಪರಿಸಿ ಹೇಳಿದ್ರಲ್ಲ, ನನ್ನ ಎದೆ ಧಸಕ್ ಅಂತು. ಈ ಕೂಸಿಗೆ ಇನ್ನೂ ಹೆಸರೇ ಆಗಿಲ್ಲ. ನೀವು ಇದನ್ನ ನೋಡಿ ಅದನ್ನೇ ಕೂಗಿಬಿಟ್ರೆ? ರೋಗ ಅಂಟಲ್ಲ ಅಂತ ನಂಗೂ ಗೊತ್ತು. ನೀವಿಟ್ಟ ಹೆಸರು ಅಂಟುತ್ತೆ."

ಮೇಷ್ಟ್ರು ಸ್ತ್ರಾತಿಸನ ಕಡೆ ತಿರುಗಿದರು. ಅವನು ಮಗನನ್ನೇ ನೋಡುತ್ತಿದ್ದ, ಟೋಪಿ ಹಿಂಡುತ್ತಿದ್ದ. ಮೂವತ್ತೊಂಬತ್ತು ವರ್ಷದ ಗಂಡಸು ಕ್ರಿಯಾಪದ ಮರೆತ ಹುಡುಗನ ಹಾಗೆ ನಿಂತಿದ್ದ. ಮೇಷ್ಟ್ರಿಗೆ ನಾಚಿಕೆಯಾಯಿತು. ಹೊಸ ಅನುಭವವಾದ್ದರಿಂದ ಅದೇನೆಂದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

ಅಷ್ಟರಲ್ಲಿ 'ಆಮೆಯಪ್ಪ' ಅಂಚೆಯವನು ಎದ್ದು ನಿಂತು ಕೇಳಿಯೇಬಿಟ್ಟ. "ಮೇಷ್ಟ್ರೇ, ಕೂಸಿನ ಮೈಮೇಲೆ ಇರೋದು ಏನದು? ಏನಂತಾರೆ ಅದಕ್ಕೆ?"

ಇಡೀ ಚರ್ಚು ಕಿವಿ ನಿಮಿರಿಸಿತು. ಮೂವತ್ತೈದು ವರ್ಷ ಪಾಠ ಹೇಳಿದರೂ ಇಷ್ಟು ಗಮನ ಕೊಟ್ಟು ಕೂತ ಒಂದು ತರಗತಿಯನ್ನು ಮೇಷ್ಟ್ರು ಕಂಡಿರಲಿಲ್ಲ. ಎಕ್, ಹೊರಗೆ. ಝೆಓ, ಕುದಿ. ಮಾತು ಗಂಟಲಿನ ತನಕ ಬಂದು, ಗುಳುಗುಳು ಸದ್ದು ಮಾಡಿ, ಅಂಚಿನಲ್ಲಿ ನಿಂತಿತು. ಮಿರ್ಸಿನಿ ಕಣ್ಣು ಮುಚ್ಚಿಕೊಂಡಳು.

"ಬೆವರುಸಾಲೆ" ಎಂದರು ಮೇಷ್ಟ್ರು. "ಸೆಕೆಗೆ ಎಲ್ಲ ಮಕ್ಕಳಿಗೂ ಆಗುತ್ತೆ. ಕೂತ್ಕೋ."

ಬದುಕಿನಲ್ಲಿ ಮೊದಲ ಸಲ, ಗೊತ್ತಿದ್ದೂ ಗೊತ್ತಿದ್ದೂ, ಅವರು ತಪ್ಪು ಪದ ಬಳಸಿದ್ದರು. ಆಮೇಲೆ ಎರಡೂ ಅಂಗೈ ಚಾಚಿದರು. ಪಾಪಾ ಇಗ್ನಾತಿಯೊಸ್ ಎಣ್ಣೆ ಸುರಿದರು. ಮೇಷ್ಟ್ರು ಕೂಸಿನ ಬೆನ್ನಿಗೆ, ತೋಳಿಗೆ, ಮೊಣಕೈ ಸಂದಿಗೆ ಮೆಲ್ಲಗೆ ಸವರಿದರು. ತುರಿಕೆಗೆ ಒರಟು ಕೈ ಎಷ್ಟು ಹಿತ ಎಂಬುದನ್ನು ತುರಿಕೆ ಇದ್ದವರೇ ಬಲ್ಲರು. ಬೆಳಗಿನಿಂದ ಚರ್ಚಿನ ಗಾಜು ನಡುಗುವಂತೆ ಅಳುತ್ತಿದ್ದ ಡ್ರಾಗನ್ ಥಟ್ಟನೆ ಸುಮ್ಮನಾಗಿ, ಕಣ್ಣು ಅರೆಮುಚ್ಚಿ, ಮುದಿ ಕ್ಯಾಪ್ಟನ್ನನ ಹಾಗೆ ನಿಟ್ಟುಸಿರು ಬಿಟ್ಟಿತು. ಅಮೆರಿಸ್ಸಾ, ಇನ್ನೂ ಸ್ವಲ್ಪ ಮಂಡಿ ಹಿಂದೆ ಉಜ್ಜಿ ಎಂದು ಪಿಸುಗುಟ್ಟಿದಳು.

ಪಾದ್ರಿಗಳು ಹೆಸರು ಕೇಳಿದರು. ಅನಕ್ಸಾಗೊರಾಸ್ ಮತ್ತು ಮಿಕ್ಕ ಹದಿನಾರು ಜನ ಮೇಷ್ಟ್ರ ಜೇಬಿನಲ್ಲಿ ಮಡಿಸಿಕೊಂಡು ಕೂತಿದ್ದರು.

"ಪ್ರೊಕೊಪಿಸ್" ಎಂದರು ಮೇಷ್ಟ್ರು, ಕೊನೆಯ ಸಾಲಿಗೂ ಕೇಳುವಂತೆ. ಅಮೆರಿಸ್ಸಾ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡಳು.

ಮಗುವನ್ನು ಮೂರು ಸಲ ಮುಳುಗಿಸಿ, ಮಿರ್ಸಿನಿಯ ಟವೆಲಿನಲ್ಲಿ ಸುತ್ತಿದ ಮೇಲೆ, ನೊನೊಸ್ ಕೈ ತೊಳೆಯಬೇಕು. ಮೇಷ್ಟ್ರು ಸೋಪು ಹಚ್ಚಿಕೊಂಡರು. ಬೆಣ್ಣೆಯಂಥ ನೊರೆ ಬಂತು. ಉರಿಯಲಿಲ್ಲ, ಚುರುಕ್ಕೆನ್ನಲಿಲ್ಲ. ಸೋತ ಮನುಷ್ಯನಿಗೆ ಇಷ್ಟಾದರೂ ಉಳಿಯಿತಲ್ಲ ಎಂದು ಅವರ ಎದೆ ಉಬ್ಬಿತು.

"ನೋಡಿದೆಯಾ ನನ್ನ ಸೋಪು? ನಲವತ್ತು ದಿನ ಒಣಗಿದ ಮೇಲೆ ಹೇಗಾಗಿದೆ."

"ಇದು ಬೇಕರಿ ಪಕ್ಕದ ಅಂಗಡೀದು" ಎಂದಳು ಮಿರ್ಸಿನಿ, ಟವೆಲಿನಿಂದ ಕಣ್ಣೆತ್ತದೆ. "ನಿನ್ನದರಲ್ಲಿ ಮೊನ್ನೆ ಕಕ್ಕಸಿನ ನೆಲ ಉಜ್ಜಿದೆ. ಕಲೆ ಹೋಯ್ತು. ನೆಲವೂ ಸ್ವಲ್ಪ ಹೋಯ್ತು."

ಕೂಸಿನ ಕಲೆಗಳನ್ನು ಅವಳು ಎರಡು ವಾರದ ಹಿಂದೆ, ಆ ಬಾಗಿಲು ಹಾಕಿದ ಕೋಣೆಯಲ್ಲೇ ನೋಡಿದ್ದಳಂತೆ. ನನಗೇಕೆ ಹೇಳಲಿಲ್ಲ ಎಂದು ಮೇಷ್ಟ್ರು ಕೇಳಲು ಹೋಗಿ, ಕಾರಣ ಹೊಳೆದು, ಬಾಯಿ ಮುಚ್ಚಿಕೊಂಡರು.

ಪ್ರೊಕೊಪಿಸ್‌ಗೆ ಪಟ್ಟಣದ ಮಕ್ಕಳ ಡಾಕ್ಟರು ಬೇರೆ ಔಷಧಿ ಕೊಟ್ಟರು. ಮೇಷ್ಟ್ರ ಕೈ ಮುಲಾಮಿಗೆ ಮೂರು ವಾರದಲ್ಲಿ ವಾಸಿಯಾಯಿತು. ಆದರೆ ಊರು ಸುಮ್ಮನಿರುತ್ತದೆಯೇ? ಎಕ್, ಝೆಓ ಎಂದು ಎರಡು ವಾರ ಮನೆಮನೆಯಲ್ಲಿ ಕುದಿದ ಮಾತು ಎಲ್ಲಾದರೂ ಅಂಟಲೇಬೇಕಿತ್ತು. ಕೂಸಿಗೆ ಅಂಟಲಿಲ್ಲ, ಅದಕ್ಕೆ ಬರೀ ಬೆವರುಸಾಲೆ ಎಂದು ಸ್ವತಃ ಪಂಡಿತರೇ ಹೇಳಿದ್ದರಲ್ಲ. ಅಕ್ಟೋಬರ್ ಮೊದಲ ವಾರ ಮೇಷ್ಟ್ರು ಹೆಂಡತಿಯ ಜೊತೆ ಬಂದರಿಗೆ ಹೋದಾಗ, ಸ್ತ್ರಾತಿಸ್ ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ದೋಣಿಯಿಂದ ಕೈಬೀಸಿ ಕರೆದ. ಅವನ ದನಿಯಲ್ಲಿ ಪ್ರೀತಿ ತುಂಬಿ ತುಳುಕುತ್ತಿತ್ತು.

"ಎಕ್ಝೆಮಾ ಮೇಷ್ಟ್ರೇ, ಬೂತಾಯಿ ಮೀನು ಬೇಕಾ? ಈಗ ತಾನೇ ಬಂದಿದೆ."

ಬಲೆ ಬಿಡಿಸುತ್ತಿದ್ದವರು ತಲೆ ಎತ್ತಿ, ನಮಸ್ಕಾರ ಎಕ್ಝೆಮಾ ಮೇಷ್ಟ್ರೇ ಎಂದರು, ಅದು ಅವರ ಅಪ್ಪ ಇಟ್ಟ ಹೆಸರೋ ಎಂಬಷ್ಟು ಸಹಜವಾಗಿ. ಮೇಷ್ಟ್ರ ಕಿವಿ ಕೆಂಪಾಯಿತು. ಇಪ್ಪತ್ತೈದು ವರ್ಷದ ಅಭ್ಯಾಸದಂತೆ ಬಾಯಿ ತೆರೆಯಿತು.

"ಎರಡು ಕಿಲೋ ಹಾಕು, ಸೋರೆ..."

ಮಿರ್ಸಿನಿ ಏನೂ ಮಾಡಲಿಲ್ಲ. ಅವರ ಕಡೆಗೆ ತಿರುಗಿ ನೋಡಿದಳು, ಅಷ್ಟೇ.

"...ಎರಡು ಕಿಲೋ ಹಾಕು, ಸ್ತ್ರಾತಿಸ್" ಎಂದರು ಎಕ್ಝೆಮಾ ಮೇಷ್ಟ್ರು.